ಅಮ್ಮನ ಚಿತ್ರ ಹೊರಟಿತು

ಹವಾನಾದ ಮನೆಯಲ್ಲಿ ಒದಾಲಿಸ್ ಫೋನ್ ಹಿಡಿದು ಸಿಡಿಮಿಡಿಗೊಂಡಿದ್ದಳು. ಕಿಟಕಿಯ ಪಕ್ಕ ಕೂತ ಅಮ್ಮನನ್ನು ತಾನೇ ಬಿಡಿಸಿದ ಚಿತ್ರದ ಫೋಟೋವನ್ನು ಅವಳು ಜಾಲತಾಣಕ್ಕೆ ಕಳಿಸಿದ್ದು ಬರೀ ನೋಡುವವರಿಗೆಂದು. ಸ್ಪೇನಿನಲ್ಲಿ ಕೂತು ತಾಣ ನಡೆಸುವ ತಂಗಿ ಮಿರೇಯಾ ಆ ಚಿತ್ರವನ್ನು ಲಿಸ್ಬನ್ನಿನವರೊಬ್ಬರಿಗೆ ಮಾರಿಯೇಬಿಟ್ಟಿದ್ದಳು.

"ಅಮ್ಮನ್ನೂ ಮಾರ್ತೀಯೇನೆ?"

"ಅಕ್ಕಾ, ನಿನ್ನ ಚಿತ್ರ ಒಂದಾದ್ರೂ ಹೊರಗೆ ಹೋಗ್ಲಿ. ನಾಳೆ ಬರೋ ನನ್ನ ಗೆಳತಿ ಕೈಲಿ ಕೊಟ್ಟು ಕಳಿಸು. ಇಲ್ಲಿಂದ ಲಿಸ್ಬನ್ನಿಗೆ ನಾನು ಕಳಿಸ್ತೀನಿ."

ಅಮ್ಮ ಎನೇಯ್ದಾ ಕಾಫಿಯ ಪಾತ್ರೆ ಇಳಿಸಿ ಹತ್ತಿರ ಬಂದಳು. ಮಿರೇಯಾಳನ್ನು ನೋಡಲು ಎರಡು ಸಲ ವೀಸಾ ಕೇಳಿ, ಎರಡು ಸಲವೂ ಇಲ್ಲವೆನ್ನಿಸಿಕೊಂಡಿದ್ದಳು. ಆಮೇಲೆ ಪ್ರಯಾಣದ ಮಾತನ್ನೇ ಎತ್ತಿರಲಿಲ್ಲ.

"ಮೊದ್ಲು ಇವಳ ಮನೆಗೇ ಹೋಗುತ್ತಾ ಇದು?"

"ಹೂಂ, ಅಮ್ಮಾ."

ಎನೇಯ್ದಾ ಇಕ್ಕಳ ತಂದು, ಚಿತ್ರವನ್ನು ಬೋರಲು ಹಾಕಿ, ಸುರುಳಿ ಸುತ್ತಿ ಕಳಿಸಲೆಂದು ಚೌಕಟ್ಟಿನ ಮೊಳೆಗಳನ್ನು ಒಂದೊಂದಾಗಿ ಕೀಳತೊಡಗಿದಳು. ಒದಾಲಿಸ್ ತಡೆಯಲು ಹೋದರೆ ಕೈ ಸರಿಸಿದಳು. ತಲೆ ಎತ್ತದೆ, ಫೋನಿಗೆ ಕೇಳುವಂತೆ ಹೇಳಿದಳು:

"ಮಿರೇಯಾ, ಅಲ್ಲಿರೋವಷ್ಟು ದಿನ ನನ್ನನ್ನ ಸುತ್ತಿಟ್ಟು ಮೂಲೆಗೆ ಹಾಕ್ಬೇಡ್ವೇ. ನೀನು ಊಟ ಮಾಡೋದು ಕಾಣೋ ಹಾಗೆ ಗೋಡೆಗೆ ಹಾಕು."

ಮಿರೇಯಾ ಅಕ್ಕನನ್ನು ಕರೆದು ಹೇಳಿದಳು:

"ಕಳಿಸಕ್ಕಾ. ಲಿಸ್ಬನ್ನಿನೋರಿಗೆ ಇಲ್ಲ ಅಂತ ಬರೀತೀನಿ."