ಹಸಿರು ಆರದ ಬೆಳಿಗ್ಗೆ

ದೀಪ ಆರಿಸಿದ ಮೇಲೂ ಬೆಳಕು ಉಳಿಯುವ ಕಾಲವದು. ದೀಪದೊಳಗೆ ಶಕ್ತಿ ತುಂಬಿಕೊಂಡು ಉದ್ರೇಕಗೊಂಡ ಪರಮಾಣುಗಳು ಬೆಳಕನ್ನು ಬೇಗ ಬಿಟ್ಟುಕೊಡುತ್ತಿರಲಿಲ್ಲ. ಎಷ್ಟು ಹೊತ್ತು ಹಿಡಿದಿರುತ್ತವೆಂದು ದಿನವೂ ಅಳೆದು, ಸಿಗ್ನಲ್ ದೀಪಗಳಿಗಾಗಿ ರೈಲ್ವೆಗೆ ತಿಳಿಸುವುದು ಗದಗಿನ ಪ್ರಯೋಗಾಲಯದಲ್ಲಿ ಶಾಂತವ್ವನ ಕೆಲಸ. ಅಂದು ಬೆಳಿಗ್ಗೆ ಅವಳು ಕೊಳವೆಯೊಳಗೆ ಧಾವಿಸುವ, ವಿದ್ಯುದಂಶ ಹೊತ್ತ ಪರಮಾಣುಗಳಾದ ಅಯಾನುಗಳ ಮೇಲೆ ಲೇಸರ್ ಬಿಟ್ಟಳು. ಅವುಗಳ ಹೊಳಪು ಎಂದಿನ ಗುರುತಿನಲ್ಲಿ ಆರದೆ ಕೊಳವೆಯ ತುದಿಯವರೆಗೂ ಹೋಯಿತು. ಮತ್ತೆ ಅಳೆದರೂ ಅಷ್ಟೇ. ಅಂದರೆ ಇಂದು ಬೆಳಕು ಎಂದಿಗಿಂತ ಬಹಳ ಹೊತ್ತು ಉಳಿಯುತ್ತದೆ; ಸಿಗ್ನಲ್ ಕೆಂಪಾದ ಮೇಲೂ ಹಸಿರು ಉರಿಯುತ್ತಲೇ ಇರುತ್ತದೆ, ಗಾಡಿಗಳು ನಿಲ್ಲುವುದಿಲ್ಲ.

ಮಗಳು ನೀಲಾ ಪರೀಕ್ಷೆಗೆಂದು ಹುಬ್ಬಳ್ಳಿ ಗಾಡಿಯಲ್ಲಿದ್ದಳು. ಶಾಂತವ್ವ ಫೋನೆತ್ತಿ ಎಲ್ಲ ಗಾಡಿಗಳನ್ನೂ ನಿಲ್ಲಿಸಲು ಹೇಳಿದಳು.

ತುಸು ಹೊತ್ತಿಗೆ ನೀಲಾಳ ಫೋನ್ ಬಂತು. “ಅವ್ವಾ, ಗಾಡಿ ನಡುವನ ನಿಂತೈತಿ. ಪರೀಕ್ಷಾ ತಪ್ಪತೈತಿ.”

“ಗೊತ್ತೈತವ್ವಾ. ನಾನ ನಿಲ್ಲಿಸೇನಿ. ಇವತ್ತ ಹಸಿರು ಆರವಲ್ದು.”

ಮಗಳು ಗಾಡಿಯಿಂದ ಕೆಳಗಿಳಿದ ಸದ್ದು ಕೇಳಿತು. ಆಮೇಲೆ, “ಹಂಗಾರ ನಡಕೋತ ಮನಿಗೆ ಬರ್ತೇನಿ. ನನಗೂ ರೊಟ್ಟಿ ಇಡು” ಎಂದಳು.