ಕುದಿಸಿದ ಸ್ಪಂಜು

ಹಳೆಯ ಮೀನಿನ ತೊಟ್ಟಿಯ ಗಾಜು ಬಿರುಕುಬಿಟ್ಟು ನೀರು ನೆಲಕ್ಕೆ ಇಳಿಯುತ್ತಿದ್ದುದನ್ನು ಮೊದಲು ಕಂಡವಳು ನರ್ಸು. ಆಕೆಗೆ ಮೊದಲು ಆದದ್ದು ಸಂತೋಷ. ಗಾಬರಿ ಆಮೇಲೆ ಬಂತು.

ಮದುವೆಯಾಗಿ ಈ ಮನೆಗೆ ಬಂದ ಮೇಲೆ ಪರದೆ, ಪಾತ್ರೆ, ಮಂಚ ಎಲ್ಲವನ್ನೂ ಆಕೆ ಬದಲಾಯಿಸಿದ್ದಳು. ವಿಚ್ಛೇದನ ಪಡೆದು ಬೇರೆ ಊರು ಸೇರಿದ ಗಂಡನ ಮೊದಲ ಹೆಂಡತಿಯವು ಎನ್ನುವಂಥವು ಎರಡೇ ಉಳಿದಿದ್ದವು: ಮಗಳು ಮತ್ತು ಆ ತೊಟ್ಟಿ. ಅದಕ್ಕಾಗಿಯೇ ನರ್ಸು ಹಿಂದಿನ ವಾರ ತನ್ನ ಸಂಬಳದಲ್ಲಿ ಅದಕ್ಕಿಂತ ದೊಡ್ಡದೊಂದನ್ನು ತಂದು, ಬಿಳಿಯ ಕಲ್ಲು ಹಾಸಿ, ನೀರು ತುಂಬಿಸಿ ಎದುರು ಗೋಡೆಗೆ ಇಟ್ಟಿದ್ದಳು. ಗಂಡನಿಗೆ ಎರಡೂ ಗಾಜೇ. ಹುಡುಗಿ ಮಾತ್ರ ಹೊಸದರತ್ತ ತಿರುಗಿಯೂ ನೋಡಿರಲಿಲ್ಲ. ಈಗ ನೋಡಲೇಬೇಕಾಯಿತು.

“ಚಿಕ್ಕಮ್ಮಾ, ಬೇಗ ಬನ್ನಿ! ಸಾಹುಕಾರನ ಬೆನ್ನು ಆಗಲೇ ನೀರಿನಿಂದ ಆಚೆ ಬಂತು!”

ಸಾಹುಕಾರನೆಂದರೆ ಹೊಟ್ಟೆ ಬಿಟ್ಟ ಚಿನ್ನದ ಮೀನು. ತಾಯಿಯ ಬೆರಳಿನಿಂದ ತಿನ್ನಲು ಕಲಿತದ್ದು, ಈಗ ಮಗಳ ಬೆರಳಿಗೆ ಬರುತ್ತಿತ್ತು. ನರ್ಸಿನ ಬೆರಳಿಗೆ ಬಂದದ್ದೇ ಇಲ್ಲ.

ಇಬ್ಬರೂ ಸೇರಿ ಮೀನುಗಳನ್ನು ಬಲೆಯಲ್ಲಿ ಹಿಡಿದು ಹೊಸ ತೊಟ್ಟಿಗೆ ಬಿಟ್ಟರು. ಹಳೆಯ ಫಿಲ್ಟರನ್ನೂ ತೆಗೆದರು. ಅದರೊಳಗಿನ ಸ್ಪಂಜು ಕಪ್ಪಗೆ ಲೋಳೆಗಟ್ಟಿತ್ತು. ನರ್ಸಿಗೆ ಆಸ್ಪತ್ರೆಯಲ್ಲಿ ಆಪರೇಷನ್ನಿನ ಕತ್ತರಿ ಚಿಮಟಗಳನ್ನು ಶುದ್ಧಮಾಡುವ ಕೆಲಸ. ಆ ಹೆಂಗಸಿನ ಕಾಲದ ಕೊಳೆ ತನ್ನ ಗಾಜಿನೊಳಗೆ ಕಾಲಿಡಕೂಡದೆಂದು ಸ್ಪಂಜನ್ನು ಚೆನ್ನಾಗಿ ಕುದಿಸಿ, ಹಿಂಡಿ, ಫಿಲ್ಟರಿಗೆ ತುಂಬಿ ಹೊಸ ತೊಟ್ಟಿಗೆ ಹಾಕಿದಳು. ಹಳೆಯ ತೊಟ್ಟಿಯ ತಳದ ಜಲ್ಲಿಯನ್ನು ಒದ್ದೆಯಿದ್ದಂತೆಯೇ ಬಕೆಟ್ಟಿಗೆ ಸುರಿದು, ಎಸೆಯಲೆಂದು ಹಿಂಬಾಗಿಲಲ್ಲಿ ಇಟ್ಟಳು.

ಎರಡು ದಿನ ಕಳೆಯುವುದರೊಳಗೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಸಾಹುಕಾರ ಒಂದು ಪಕ್ಕಕ್ಕೆ ವಾಲಿದ್ದ. ಹುಡುಗಿ ತಾಯಿಗೆ ಫೋನು ಮಾಡಿ, ಕೈ ಒದ್ದೆಯಾಗಿದ್ದರಿಂದ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

“ಫಿಲ್ಟರ್‌ಗೆ ಹಳೇ ಸ್ಪಂಜೇ ಹಾಕಿದ್ದೀರಿ ತಾನೆ?”

“ಹಳೇದೇ ಅಮ್ಮ. ಚಿಕ್ಕಮ್ಮ ಕುದಿಸಿ ಹಾಕಿದ್ರು.”

“ಕುದಿಸಿ? ಅದನ್ನೇನು ಆಪರೇಷನ್ ಕತ್ತರಿ ಅಂದ್ಕೊಂಡ್ರಾ? ಮೀನಿನ ಹೊಲಸನ್ನ ಕರಗಿಸೋ ಜೀವಾಣು ಇರೋದೇ ಆ ಲೋಳೇಲಿ ಕಣೇ! ಹೊಸ ಟ್ಯಾಂಕಿನಲ್ಲಿ ಅದಿಲ್ದೇ ಹೋದ್ರೆ ಮೀನಿಗೆ ತನ್ನ ಹೊಲಸೇ ವಿಷ. ಹಳೇ ಜಲ್ಲಿ ಏನಾಯ್ತು? ಅದಕ್ಕೂ ಒಗ್ಗರಣೆ ಹಾಕಿದ್ರಾ?”

ಹುಡುಗಿ ಚಿಕ್ಕಮ್ಮನ ಮುಖ ನೋಡಿದಳು.

“ಇದೆ,” ಎಂದಳು ನರ್ಸು. ಆ ಹೆಂಗಸಿನೊಡನೆ ಆಕೆ ಆಡಿದ ಮೊದಲ ಮಾತು ಅದು.

“ಹಾಗಾದ್ರೆ ತೊಳೀಬೇಡಿ. ಹಾಗೇ ಹಾಕಿ. ದಿನಾ ಅರ್ಧ ನೀರು ಬದಲಾಯಿಸಿ.”

ನರ್ಸು ಕೆಸರು ಜಲ್ಲಿಯನ್ನು ಬೊಗಸೆಬೊಗಸೆಯಾಗಿ ತನ್ನ ಬಿಳಿಯ ಕಲ್ಲುಗಳ ಮೇಲೆ ಹರಡಿದಳು. ಕೊನೆಯ ಬೊಗಸೆ ಮುಗಿದಾಗ ಬಿಳುಪೆಲ್ಲ ಮುಚ್ಚಿಹೋಗಿತ್ತು. ಹೊಸ ಗಾಜಿನೊಳಗೆ ಹಳೆಯ ತೊಟ್ಟಿಯೇ ಬಂದು ಕುಳಿತಿತ್ತು. ಆದರೂ ಆಕೆ ಕೆಲಸಕ್ಕೆ ಹೊರಡುವ ಮುಂಚೆ ತಪ್ಪದೆ ಮೊಣಕೈವರೆಗೆ ಕೈ ಇಳಿಸಿ ನೀರು ಬದಲಾಯಿಸಿದಳು.

ಭಾನುವಾರ ತಾಯಿಯ ಫೋನು ತಾನಾಗಿಯೇ ಬಂತು.

“ಸಾಹುಕಾರ ಹೇಗಿದ್ದಾನೆ?”

“ದುಂಡಗಿದ್ದಾನೆ ಅಮ್ಮ! ನಿನ್ನೆ ಚಿಕ್ಕಮ್ಮನ ಬೆರಳಿಂದ ತಿಂದ, ಗೊತ್ತಾ? ಅವರ ಕೈಗೆ ಜಲ್ಲಿ ವಾಸನೆ ಹತ್ತಿಬಿಟ್ಟಿದೆಯಲ್ಲ, ಅದಕ್ಕೇ ಇರ್ಬೇಕು.”



“ಇನ್ಮೇಲೆ ಸೋಪು ಹಾಕಿ ಚೆನ್ನಾಗಿ ಕೈ ತೊಳ್ಕೊಳ್ಳೋಕೆ ಹೇಳು ಅವಳಿಗೆ.”