ಗೋಡೆಗೆ ಹೇಳಿದ ಪಾಠ

ಮೂಲನಿವಾಸಿ ಕ್ರೋ ಜನರ ಭಾಷೆಯ ತರಗತಿಯೊಳಗೆ ಅಳಿಯ ವೆಸ್ಲಿ ಕಾಲಿಟ್ಟಿದ್ದೇ ತಡ, ಪಾಠ ಹೇಳುತ್ತಿದ್ದ ಅತ್ತೆ ಅರ್ಡಿಸ್ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತಳು. ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡಬಾರದು, ಮಾತಾಡಬಾರದು. ಹಿರಿಯರಿಂದ ಬಂದ ಮರ್ಯಾದೆ ಅದು. ಆದರೆ ಪ್ರಯರ್ ಊರಿನಲ್ಲಿ ಈಗ ಭಾಷೆ ಕಲಿಸುವವಳು ಅವಳೊಬ್ಬಳೇ. ಪಟ್ಟಣದಲ್ಲಿ ಬೆಳೆದ ವೆಸ್ಲಿಗೆ ನಮ್ಮ ಮಾತು ಒಂದೂ ಬಾರದು. ಹುಟ್ಟಲಿರುವ ಕೂಸನ್ನು ನಮ್ಮ ಮಾತಿನಲ್ಲೇ ಕರೆಯಬೇಕೆಂಬ ಆಸೆ ಅವನದು.

“ಅವನನ್ನ ಆಚೆ ಕಳಿಸೇ. ಮರ್ಯಾದೆ ಬಿಟ್ಯಾ?” ಎಂದಳು ಮುಂದಿನ ಸಾಲಿನಲ್ಲಿದ್ದ ಅವಳ ಅಕ್ಕ ಹೇಜಲ್.

“ನಾನೆಲ್ಲಿ ಅವನ ಹತ್ರ ಮಾತಾಡ್ದೆ? ಗೋಡೆಗೆ ಹೇಳ್ತಿದೀನಿ. ಕಿವಿ ಇದ್ದೋರು ಕೇಳ್ಕೊಳ್ಲಿ.”

“ಮಾತಾಡ್ಬಾರ್ದು ಅನ್ನೋ ಕಟ್ಟು ಬಿಡಿಸ್ಕೋಬೇಕು ಅಂದ್ರೆ ಅಳಿಯ ಅತ್ತೆಗೆ ಕುದುರೆ ಕೊಡ್ಬೇಕು. ಇವನ ಹತ್ರ ಇರೋದು ಒಂದು ಹಳೇ ಟ್ರಕ್ಕು, ಅದೂ ತಳ್ಳಿದ್ರೇ ಹೋಗುತ್ತೆ!” ಎಂದಳು ಹೇಜಲ್.

ಎಲ್ಲರೂ ನಕ್ಕರು. ವೆಸ್ಲಿ ತಲೆ ತಗ್ಗಿಸಿ ಬಾಗಿಲ ಕಡೆ ಹೊರಟ. ಅರ್ಡಿಸ್ ಊರುಗೋಲಿನಿಂದ ನೆಲ ಕುಟ್ಟಿದಳು. “ಏ ಗೋಡೆ, ಎಲ್ಲಿಗೆ ಹೊರಟೆ? ಕುದುರೆಗೆ ನಾವು ಇಚೀಲೆ ಅಂತೀವಿ. ಹೇಳು.”

ಹೆಜ್ಜೆ ಸದ್ದು ನಿಂತಿತು. “ಇಚೀಲೆ,” ಎಂದ ವೆಸ್ಲಿ, ಮೆಲ್ಲಗೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, “ಇಚೀಲೆ.”

“ಕೇಳಿದ್ಯಾ ಅಕ್ಕಾ? ಕುದುರೆ ಕೊಟ್ಟ. ಕೊಟ್ಟಿದ್ದನ್ನ ಬೇಡ ಅನ್ನೋ ಮನೆತನ ಅಲ್ಲ ನಮ್ಮದು,” ಎನ್ನುತ್ತಾ ಅರ್ಡಿಸ್ ಕುರ್ಚಿ ತಿರುಗಿಸಿ ಅಳಿಯನ ಮುಖವನ್ನು ಮೊದಲ ಸಲ ನೇರವಾಗಿ ನೋಡಿದಳು.